ಸವಳು ನೀರಿನ ಟೆಂಡರು

ಡೋಣಿಹಾಳದ ಸರ್ಕಾರಿ ದವಾಖಾನೆಯಲ್ಲಿ ಖರೀದಿ ವಿಭಾಗ ಎಂದರೆ ದಾನೇಶ್ವರಿ ಒಬ್ಬಳೇ. ಔಷಧಿ ಉಗ್ರಾಣದ ಪಕ್ಕ ಒಂದು ಸಣ್ಣ ಕೋಣೆ, ಹಳೆಯ ಕಂಪ್ಯೂಟರ್, ಬಾಗಿಲು ಸರಿಯಾಗಿ ಮುಚ್ಚದ ಎರಡು ಕಪಾಟು. ಹತ್ತಿ, ಸಿರಿಂಜು, ಹಾಸಿಗೆಯ ಮೇಲಿನ ಚಾದರ, ಫಿನಾಯಿಲು ತರಿಸುವ ಕೆಲಸ ಅವಳಿಗೆ ರೂಢಿಯಾಗಿಬಿಟ್ಟಿತ್ತು. ದೊಡ್ಡ ಯಂತ್ರಗಳ ವಿಚಾರ ಬಂದಾಗ ಮಾತ್ರ ಅವಳಿಗೆ ಅಳುಕು. ಅವು ಏನು, ಹೇಗೆ ನಡೆಯುತ್ತವೆ, ಯಾವುದು ಒಳ್ಳೆಯದು ಎಂಬುದು ಅವಳಿಗೆ ತಿಳಿಯದು. ತಿಳಿದವರು ಬರೆದುಕೊಟ್ಟದ್ದನ್ನು ಟೈಪು ಮಾಡಿ ಟೆಂಡರು ಕರೆಯುವುದಷ್ಟೇ ಅವಳ ಪಾಲಿನದು.

ಅವಳ ಗಂಡ ಧರ್ಮರಾಜ ಬಸ್ ಕಂಡಕ್ಟರ್. ತಾಳಿಕೋಟೆ–ಮುದ್ದೇಬಿಹಾಳದ ಬಸ್ಸಿನಲ್ಲಿ ಅವನ ದನಿ ಕೇಳದ ಪ್ರಯಾಣಿಕರಿರಲಿಲ್ಲ. ಹತ್ತುವವರನ್ನೂ ಇಳಿಯುವವರನ್ನೂ ಒಂದೊಂದು ಮಾತಿನಿಂದ ನಗಿಸುವ ಮನುಷ್ಯ. ಗೊತ್ತಿಲ್ಲದೆ ಏರಿದ ರಕ್ತದೊತ್ತಡ ನಲವತ್ತಮೂರನೆಯ ವಯಸ್ಸಿಗೆ ಅವನ ಎರಡೂ ಮೂತ್ರಪಿಂಡಗಳನ್ನು ತಿಂದುಹಾಕಿತ್ತು. ಅಂದಿನಿಂದ ವಾರಕ್ಕೆ ಮೂರು ಸಲ ವಿಜಯಪುರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಹೋಗುವಾಗ ಹೇಗೋ ಹೋಗುತ್ತಿದ್ದ. ಬರುವಾಗ ಕಿಟಕಿಗೆ ತಲೆಯೊತ್ತಿ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದ. ಒಮ್ಮೆ ಬಸ್ಸಿನಲ್ಲೇ ಬವಳಿ ಬಂದು ಬಿದ್ದ. ಜೊತೆಗಿದ್ದ ದಾನೇಶ್ವರಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸವನ ಬಾಗೇವಾಡಿಯಿಂದ ಊರಿನವರೆಗೂ ಬಸ್ಸಿನ ನೆಲದ ಮೇಲೆ ಕೂತು ಬಂದಿದ್ದಳು.

ಹಾಗಾಗಿ ಡೋಣಿಹಾಳಕ್ಕೂ ಡಯಾಲಿಸಿಸ್ ಘಟಕ ಮಂಜೂರಾಗಿದೆ ಎಂಬ ಆದೇಶ ಬಂದಾಗ ಅವಳು ಅದನ್ನು ಎರಡು ಸಲ ಓದಿದಳು. ಆಸ್ಪತ್ರೆಯ ಮುಖ್ಯ ವೈದ್ಯ ಡಾಕ್ಟರ್ ಚೇತನಕುಮಾರ ಅವಳನ್ನು ಕರೆಸಿದರು. ಚಿಕ್ಕ ವಯಸ್ಸಿನವರು, ಕೆಲಸ ಬೇಗ ಮುಗಿಯಬೇಕೆನ್ನುವವರು, ಮನಸ್ಸಿನಲ್ಲಿ ಕಪಟವಿಲ್ಲದವರು.

"ಮಶೀನ್ ನಾವು ಖರೀದಿ ಮಾಡೂದಿಲ್ರಿ ದಾನೇಶ್ವರಿಯವರ. ಅವು ಮ್ಯಾಲಿಂದನ ಬರ್ತಾವ. ನೀರು ಶುದ್ಧ ಮಾಡೂ ಪ್ಲಾಂಟ್ ಮಾತ್ರ ನಾವು ಟೆಂಡರ್ ಕರದು ತಗೋಬೇಕು. ಮಾರ್ಚ್ ಒಳಗ ಕೆಲಸ ಮುಗೀಬೇಕು, ಇಲ್ಲಾಂದ್ರ ರೊಕ್ಕ ವಾಪಸ್ ಹೋಗ್ತೈತಿ." ಆಮೇಲೆ ದನಿ ತಗ್ಗಿಸಿ ಅಂದರು: "ನಿಮ್ಮ ಮನಿಯವರಿಗೂ ತ್ರಾಸ ತಪ್ಪತೈತಿ."

ಆ ಕೊನೆಯ ಮಾತು ಅವಳಿಗೆ ಹಿತವೂ ಆಯಿತು, ಕಸಿವಿಸಿಯೂ ಆಯಿತು. ನಾಳೆ ಯಾರಾದರೂ ಗಂಡನ ಸಲುವಾಗಿ ಗಡಿಬಿಡಿ ಮಾಡಿದಳು ಎಂದಾರು. ಈ ಕಡತದಲ್ಲಿ ತಾನು ಒಂದು ಮಾತೂ ಹೆಚ್ಚು ಆಡಬಾರದು, ಹೇಳಿದಷ್ಟೇ ಮಾಡಬೇಕು ಎಂದು ನಿಶ್ಚಯಿಸಿಕೊಂಡಳು.

ಡಯಾಲಿಸಿಸ್ ಯಂತ್ರಕ್ಕೆ ನೀರು ಬೇಕು. ಒಬ್ಬ ರೋಗಿ ಒಂದು ಸಲ ಅದರ ಮುಂದೆ ಕೂತು ಏಳುವುದರೊಳಗೆ, ನಾವು ತಿಂಗಳಿಡೀ ಕುಡಿಯುವುದಕ್ಕಿಂತ ಹೆಚ್ಚು ನೀರು ಅವನ ರಕ್ತದ ಮಗ್ಗುಲಲ್ಲಿ, ತೆಳ್ಳನೆಯ ಪೊರೆಯೊಂದರ ಆಚೆ ಹರಿದುಹೋಗುತ್ತದೆ. ಆ ನೀರು ಕುಡಿಯುವ ನೀರಿಗಿಂತಲೂ ಶುದ್ಧವಾಗಿರಬೇಕು. ಹೀಗಾಗಿ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಅದರ ಹಿಂದಿನ ನೀರಿನ ಘಟಕ ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲ. ಘಟಕ ಹೇಗಿರಬೇಕೆಂಬ ತಾಂತ್ರಿಕ ವಿವರವನ್ನು ಡಾಕ್ಟರು ಬೇರೊಂದು ಊರಿನ ಆಸ್ಪತ್ರೆಯಿಂದ ತರಿಸಿದರು. ಆ ಊರಿನವರು ಕುಡಿಯುವುದು ಹೊಳೆಯ ಸಿಹಿನೀರು. ದಾನೇಶ್ವರಿ ಆಸ್ಪತ್ರೆಯ ಹೆಸರು ಬದಲಿಸಿ ಅದನ್ನೇ ಟೈಪು ಮಾಡಿದಳು. ಟೆಂಡರಿಗೆ ಮೊದಲು ಆಸ್ಪತ್ರೆಯ ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕಳಿಸಬೇಕಿತ್ತು. ವರದಿ ಬರಲು ತಡವಾಗುತ್ತದೆಂದು, ಘಟಕ ಕೂರಿಸುವಾಗ ಕಂಪನಿಯವರೇ ನೋಡಿಕೊಳ್ಳಲಿ ಎಂದು ಡಾಕ್ಟರು ಬಿಟ್ಟರು.

ಡೋಣಿ ಹೊಳೆಯ ದಂಡೆಯ ನೀರು ಸವಳು, ಬಾಯಿಗಿಟ್ಟರೆ ಉಪ್ಪು ಎಂಬುದು ನಮ್ಮ ಕಡೆ ಕೂಸಿಗೂ ಗೊತ್ತು. ದಾನೇಶ್ವರಿಯ ಮನೆಯಲ್ಲಿ ಬೋರಿನ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ. ಅಡುಗೆಗೆ ಬಸ್‌ಸ್ಟ್ಯಾಂಡಿನ ಹತ್ತಿರದ ಸಿಹಿನೀರಿನ ನಳದಿಂದ ಕೊಡ ತರುತ್ತಿದ್ದಳು. ಸ್ನಾನದ ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಹಕ್ಕಳೆ ಕಟ್ಟುತ್ತಿತ್ತು.

ಟೆಂಡರು ಹಾಕುವ ಮೊದಲು ಕಂಪನಿಗಳವರು ಬಂದು ಸಂಶಯ ಕೇಳುವ ಒಂದು ಸಭೆ ಇರುತ್ತದೆ. ಅದಕ್ಕೆ ಮೂವರು ಬಂದಿದ್ದರು. ಅವರಲ್ಲಿ ವಿಜಯಪುರದ ಜಾಹಿದ ಎಂಬ ಎಂಜಿನಿಯರ್ ಸಭೆಗೆ ಮುಂಚೆಯೇ ಹಿತ್ತಲಿಗೆ ಹೋಗಿ ಬೋರು ನೋಡಿಕೊಂಡು ಬಂದಿದ್ದ.

"ಸರ್, ನಿಮ್ಮ ನೀರ ಬಾಯಾಗ ಹಾಕ್ಕೊಂಡು ನೋಡೇನ್ರಿ. ಬಾಳ ಸವಳ ಐತಿ. ಫಿಲ್ಟರಕ್ಕ ಹೋಗೂದ್ರೊಳಗ ಇದರ ಗಡಸುತನ ತೆಗೀಬೇಕ್ರಿ, ಅದಕ್ಕ ಬ್ಯಾರೆ ಟ್ಯಾಂಕ್ ಬೇಕು. ನಿಮ್ಮ ಟೆಂಡರದಾಗ ಅದು ಇಲ್ಲ. ಲ್ಯಾಬ್ ರಿಪೋರ್ಟ್ ಐತೇನ್ರಿ?"

ಇನ್ನೊಂದು ಕಂಪನಿಯವನು ನಕ್ಕ. "ಟೆಂಡರದಾಗ ಏನ್ ಬರದೈತಿ ಅದನ್ನ ಕೊಡ್ತೇವ್ರಿ. ಇಲ್ಲದ್ದು ಯಾಕ ಕೂಡಸೂದು?"

ಡಾಕ್ಟರು ಮೂಲತಃ ಡೋಣಿ ದಂಡೆಯವರಲ್ಲ. ಬಾಟಲಿ ನೀರು ಕುಡಿಯುವವರು. ಅವರು ದಾನೇಶ್ವರಿಯ ಕಡೆ ತಿರುಗಿದರು. "ನೀವು ಇದ ಊರಿನವರು. ನೀರು ಅಷ್ಟ ಕೆಟ್ಟ ಐತೇನ್ರಿ?"

ಎಲ್ಲರೂ ಅವಳನ್ನೇ ನೋಡಿದರು. ಹೌದು ಎಂದರೆ ಟೆಂಡರು ಹಿಂದೆ ಪಡೆದು, ನೀರಿನ ಪರೀಕ್ಷೆ ಮಾಡಿಸಿ, ಹೊಸದಾಗಿ ಕರೆಯಬೇಕು. ಮಾರ್ಚ್ ದಾಟುತ್ತದೆ. ದುಡ್ಡು ಹಿಂದಕ್ಕೆ ಹೋಗುತ್ತದೆ, ಘಟಕ ಬೇರೆ ಊರಿನ ಪಾಲಾದೀತು. ಧರ್ಮರಾಜ ಇನ್ನೊಂದು ವರ್ಷ ಆ ಕಿಟಕಿಗೆ ತಲೆಯೊತ್ತಿ ಕೂರಬೇಕು. ಇಷ್ಟೆಲ್ಲ ಅವಳು ಯೋಚಿಸಿ ಉತ್ತರ ಕೊಟ್ಟಳು ಎಂದಲ್ಲ. ಮಾತು ತಾನಾಗಿ ಬಂದುಬಿಟ್ಟಿತು.

"ಎಲ್ಲಾ ಕಡೆ ಇರೂ ಹಂಗ ಐತ್ರಿ ಸರ್."

"ಹಂಗಾರ ಆತಲ್ಲ," ಎಂದರು ಡಾಕ್ಟರು. "ಉಪ್ಪು ತೆಗಿಯಾಕನ ಪ್ಲಾಂಟ್ ಇರೂದು." ಸಭೆ ಮುಗಿಯಿತು.

ಜಾಹಿದನ ಕಂಪನಿ ಆ ಹೆಚ್ಚುವರಿ ಟ್ಯಾಂಕನ್ನೂ ಸೇರಿಸಿ ದರ ಹಾಕಿತ್ತು. ಹಣಕಾಸಿನ ಲಕೋಟೆ ತೆರೆದಾಗ ಅವರದೇ ದುಬಾರಿ. ನಿಯಮದ ಪ್ರಕಾರ ಕಡಿಮೆ ದರದವರಿಗೆ ಕೆಲಸ ಹೋಯಿತು. ಹೊರಡುವಾಗ ಜಾಹಿದ ಅವಳ ಕೋಣೆಯ ಬಾಗಿಲಲ್ಲಿ ನಿಂತು, "ಬರ್ತೇನ್ರಿ ಮೇಡಂ, ಒಮ್ಮೆ ನೀರ ಟೆಸ್ಟ್ ಮಾಡಸ್ರಿ," ಎಂದಷ್ಟೇ ಹೇಳಿದ. ಅವಳು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೂಂ ಎಂದಳು.

ಘಟಕ ಕೂರಿಸುವ ಹೊತ್ತಿಗೆ ಆಸ್ಪತ್ರೆಯ ಬೋರಿನ ಮೋಟರು ಸುಟ್ಟಿತ್ತು. ಟ್ಯಾಂಕರಿನಲ್ಲಿ ಕಾಲುವೆಯ ನೀರು ತರಿಸುತ್ತಿದ್ದರು. ಆ ನೀರಿನಲ್ಲಿ ಘಟಕ ಸೊಗಸಾಗಿ ನಡೆಯಿತು. ಕಂಪನಿಯವರು ಓಡಿಸಿ ತೋರಿಸಿ, ಎಲ್ಲ ಸರಿಯಿದೆ ಎಂಬ ಕಾಗದಕ್ಕೆ ಸಹಿ ಮಾಡಿಸಿಕೊಂಡು ಹೋದರು. ನಾಲ್ಕು ಯಂತ್ರಗಳು ಬಂದವು. ಶಿವಾನಿ ಎಂಬ ಚುರುಕು ಹುಡುಗಿ ತಂತ್ರಜ್ಞೆಯಾಗಿ ಸೇರಿದಳು. ಧರ್ಮರಾಜನೂ ಸೇರಿ ಸುತ್ತಲಿನ ಆರು ರೋಗಿಗಳು ವಿಜಯಪುರದ ತಮ್ಮ ಸರದಿ ಬಿಟ್ಟು ಡೋಣಿಹಾಳಕ್ಕೆ ಬಂದರು. ಸರದಿ ಬಿಡುವಂತೆ ಉಳಿದವರಿಗೆಲ್ಲ ಫೋನು ಮಾಡಿ ಹೇಳಿದವಳು ದಾನೇಶ್ವರಿಯೇ.

ಅವರಲ್ಲಿ ತಂಗಡಗಿಯ ಲಕ್ಕವ್ವ ಎಲ್ಲರಿಗೂ ಅಚ್ಚುಮೆಚ್ಚಾದಳು. ಅರವತ್ತರ ಹತ್ತಿರದ ಹೆಂಗಸು, ಮಗ ಪರಪ್ಪನ ಬೈಕಿನ ಹಿಂದೆ ಕೂತು ಬರುತ್ತಿದ್ದಳು. ಶಿವಾನಿಗೆಂದು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದು, ಸೂಜಿ ಚುಚ್ಚುವ ಮೊದಲು ಅವಳ ಕೈಗಿಡುತ್ತಿದ್ದಳು. ಮಗ್ಗುಲ ಯಂತ್ರ ಧರ್ಮರಾಜನದು. ಅವನು ಅವಳಿಗೆ ತಿಕೀಟು ಹರಿಯುವಂತೆ ಕೈಮಾಡಿ, "ಆಯಿ, ತಂಗಡಗಿ ಒಂದೇನ?" ಎನ್ನುತ್ತಿದ್ದ. "ಎರಡ ಕೊಡಪಾ, ನಿನ್ನೂ ಕರಕೊಂಡು ಹೋಗ್ತೇನಿ," ಎನ್ನುತ್ತಿದ್ದಳು ಆಕೆ. ಡಯಾಲಿಸಿಸ್ ಇದ್ದ ದಿನವೂ ಮಧ್ಯಾಹ್ನದ ಊಟಕ್ಕೆ ಧರ್ಮರಾಜ ಮನೆಯಲ್ಲಿರುತ್ತಿದ್ದ. ಆ ದಿನಗಳಲ್ಲಿ ದಾನೇಶ್ವರಿ ಮದುವೆಯಾದ ಹೊಸತರಲ್ಲಿ ಇದ್ದಂತೆ ಹಗುರಾಗಿದ್ದಳು.

ಮೋಟರು ರಿಪೇರಿಯಾಗಿ ಬೋರಿನ ನೀರು ಘಟಕಕ್ಕೆ ಹರಿಯತೊಡಗಿದ ಮೇಲೆ ಶುದ್ಧ ನೀರಿನಲ್ಲಿ ಉಳಿದ ಉಪ್ಪನ್ನು ಅಳೆಯುವ ಮೀಟರಿನ ಅಂಕಿ ದಿನದಿಂದ ದಿನಕ್ಕೆ ಮೇಲೇರಿತು. ಶಿವಾನಿ ಕಂಪನಿಗೆ ಫೋನು ಮಾಡಿದಳು. ತೊಳೆದು ಮತ್ತೆ ಹಚ್ಚಿರಿ ಎಂದರು. ತೊಳೆದಳು. ಅಂಕಿ ಇಳಿಯಿತು, ಮತ್ತೆ ಏರಿತು. ಮೇ ತಿಂಗಳ ಒಂದು ಬೆಳಿಗ್ಗೆ, ಡಯಾಲಿಸಿಸ್ ಶುರುವಾಗಿ ಗಂಟೆ ಕಳೆದಿರಬಹುದು, ಲಕ್ಕವ್ವ ಮೈಯೆಲ್ಲ ಉರಿ ಎಂದಳು. ಅದರ ಹಿಂದೆಯೇ ವಾಂತಿ. ಧರ್ಮರಾಜ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ನರಳಿದ. ಶಿವಾನಿ ಮೀಟರಿನ ಕಡೆ ಓಡಿ, ನೋಡಿ, ಎಲ್ಲ ಯಂತ್ರಗಳನ್ನೂ ನಿಲ್ಲಿಸಿದಳು. ಅವಳ ಕೂಗು ಕೇಳಿ ದಾನೇಶ್ವರಿ ಬಂದಾಗ ಗಂಡನ ಮುಖ ಕೆಂಪೇರಿ, ತುಟಿ ನಡುಗುತ್ತಿತ್ತು. ಡಾಕ್ಟರು ಬಂದು ಎಲ್ಲರನ್ನೂ ಸಂಜೆಯವರೆಗೆ ನೋಡಿಕೊಂಡರು. ಅಂದು ಯಾರಿಗೂ ಪ್ರಾಣಕ್ಕೆ ಅಪಾಯವಾಗಲಿಲ್ಲ.

ಕಂಪನಿಯ ಎಂಜಿನಿಯರ್ ಬಂದು ಕೊಳವೆ ಬಿಚ್ಚಿದ. ಒಳಗಿನ ಜಾಲರಿಯ ಮೇಲೆ ಸುಣ್ಣ ಬಳಿದಂತೆ ಹಕ್ಕಳೆ ಕೂತಿತ್ತು. "ಇಷ್ಟು ಗಡಸು ನೀರು ಅಂತ ಟೆಂಡರದಾಗ ಇಲ್ರಿ. ನಾವು ಕೇಳಿದ್ದನ್ನ ಕೊಟ್ಟೇವಿ," ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಘಟಕಕ್ಕೆ ಬೀಗ ಬಿತ್ತು.

ಡಯಾಲಿಸಿಸ್ ಮೇಲೆ ಬದುಕಿರುವವರು ನಾಲ್ಕೈದು ದಿನ ಅದಿಲ್ಲದೆ ಇರಲಾರರು. ವಿಜಯಪುರದಲ್ಲಿ ಇವರು ಬಿಟ್ಟ ಜಾಗಗಳಲ್ಲಿ ಬೇರೆಯವರು ಕೂತಿದ್ದರು. ದಾನೇಶ್ವರಿ ರಜೆ ಹಾಕಿ ಬಸ್ಸು ಹತ್ತಿದಳು. ಮುದ್ದೇಬಿಹಾಳ, ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಎಲ್ಲಿ ಡಯಾಲಿಸಿಸ್ ಯಂತ್ರವಿದೆಯೋ ಅಲ್ಲೆಲ್ಲ ಹೋಗಿ ಕೈಮುಗಿದು ನಿಂತಳು. ಎಲ್ಲ ಕಡೆಯೂ ಯಂತ್ರಗಳು ತುಂಬಿದ್ದವು. ಅಲ್ಲಿನವರು ಮುಖ ಮುರಿಯಲಿಲ್ಲ. ಒಬ್ಬೊಬ್ಬರನ್ನು ಹೇಗೋ ಹೊಂದಿಸಿಕೊಂಡರು. ನಾಲ್ವರಿಗೆ ದಾರಿಯಾಯಿತು. ಉಳಿದವರು ಲಕ್ಕವ್ವ ಮತ್ತು ಧರ್ಮರಾಜ.

ಸಿಂದಗಿಯಿಂದ ಅವಳ ಮೊಬೈಲಿಗೇ ಫೋನು ಬಂತು. ಒಂದು ಜಾಗ ಖಾಲಿಯಾಗಿದೆ, ಇವತ್ತೇ ಒಬ್ಬರನ್ನು ಕಳಿಸಿ ಎಂದರು. ಕರೆ ಬಂದದ್ದು ಯಾರಿಗೂ ಗೊತ್ತಿರಲಿಲ್ಲ. ಧರ್ಮರಾಜ ಮನೆಯಲ್ಲಿ ಮಲಗಿದರೆ ಉಸಿರು ಕಟ್ಟುತ್ತದೆಂದು ದಿಂಬಿಗೆ ಒರಗಿ ಕೂತಿದ್ದ. ದಾನೇಶ್ವರಿ ಎದ್ದು ಡಾಕ್ಟರ ಬಳಿ ಹೋಗಿ ವಿಷಯ ಹೇಳಿದಳು. ಅವರು ಇಬ್ಬರನ್ನೂ ಕರೆಸಿ ನೋಡಿದರು. ರಕ್ತದ ಪರೀಕ್ಷೆ ಮಾಡಿಸಿ, ಅವಳ ಮುಖ ನೋಡದೆ, "ಲಕ್ಕವ್ವಗ ಅಪಾಯ ಜಾಸ್ತಿ ಐತ್ರಿ," ಎಂದರು. ದಾನೇಶ್ವರಿಯೇ ಆಂಬುಲೆನ್ಸಿನವನಿಗೆ ಹೇಳಿ ಅವಳನ್ನು ಕಳಿಸಿದಳು.

ಮನೆಗೆ ಬಂದಾಗ ಧರ್ಮರಾಜ ಸಿಟ್ಟಾಗಿರಲಿಲ್ಲ. "ಆಯಿ ಹ್ವಾದ್ಲಲ್ಲ, ಚಲೋ ಆತು ಬಿಡು," ಎಂದ. ಆ ಮಾತಿಗೆ ಅವಳಿಗೆ ತಡೆಯಲಾಗಲಿಲ್ಲ. ಜಾಹಿದ ಕೇಳಿದ್ದು, ಡಾಕ್ಟರು ಕೇಳಿದ್ದು, ತಾನು ಹೇಳಿದ್ದು, ಎಲ್ಲವನ್ನೂ ಅವನ ಮುಂದೆ ಹೇಳಿಬಿಟ್ಟಳು.

ಅವನು ತನ್ನ ಬಾತುಕೊಂಡ ಪಾದಗಳನ್ನು ನೋಡಿಕೊಂಡ. "ಆ ನೀರಾಗ ಬ್ಯಾಳಿ ಬೇಯೂದಿಲ್ಲ ಅಂತ ಕೊಡ ಹೊತ್ತು ಅಡ್ಡಾಡ್ತಿ. ನನ್ನ ರಕ್ತಕ್ಕ ನಡೀತೈತಿ ಅಂದ್ಯಾ?"

"ನೀವು ಬಸ್ಸಿನ್ಯಾಗ ಬೀಳೂದು ನೋಡಾಕ ಆಗ್ತಿರಲಿಲ್ರಿ."

"ನನ್ನ ಸಲುವಾಗಿ ಅನಬ್ಯಾಡ. ನನಗ ಬಸ್ ರೂಢಿ ಇತ್ತು." ಅಷ್ಟು ಹೇಳಿ ಗೋಡೆಯ ಕಡೆ ತಿರುಗಿದ.

ಮರುದಿನ ಅವನ ಉಸಿರಾಟ ಪೂರ್ತಿ ಕೆಟ್ಟಿತು. ವಿಜಯಪುರದ ಖಾಸಗಿ ಆಸ್ಪತ್ರೆಯೊಂದರಲ್ಲಿ ತುರ್ತಾಗಿ ಡಯಾಲಿಸಿಸ್ ಮಾಡಿ ಉಳಿಸಿದರು. ಹೃದಯ ಸೋತಿದೆ, ನಿಂತು ಮಾಡುವ ಕೆಲಸ ಇನ್ನು ಬೇಡ ಎಂದರು. ಸಾಲ ಮಾಡಿ ಕೆಲ ವಾರ ಅಲ್ಲಿಯೇ ಡಯಾಲಿಸಿಸ್ ಮಾಡಿಸಿದ ಮೇಲೆ ಮುದ್ದೇಬಿಹಾಳದಲ್ಲಿ ಅವನಿಗೊಂದು ಕಾಯಂ ಜಾಗ ಸಿಕ್ಕಿತು. ಡಿಪೋದವರು ಅವನನ್ನು ಬಸ್ಸಿನಿಂದ ಇಳಿಸಿ ಆಫೀಸಿನ ಕುರ್ಚಿಗೆ ಹಾಕಿದರು. ಅವನ ದನಿ ಸಣ್ಣದಾಯಿತು. ಮನೆಯಲ್ಲಿ ಬೇಕಾದಷ್ಟೇ ಮಾತು.

ಲಕ್ಕವ್ವ ತಂಗಡಗಿಯಿಂದ ಸಿಂದಗಿಗೆ ಬಸ್ಸು ಬದಲಿಸುತ್ತ ಹೋಗಿಬರುತ್ತಿದ್ದಳು. ಆಗಸ್ಟಿನಲ್ಲಿ ಮಳೆ ಹಿಡಿದು ಡೋಣಿ ತುಂಬಿ ಬಂತು. ತಾಳಿಕೋಟೆಯ ಹತ್ತಿರ ಸೇತುವೆಯ ಮೇಲೆ ನೀರು ಹತ್ತಿ ಬಸ್ಸುಗಳು ನಿಂತವು. ಅವಳೂ ಪರಪ್ಪನೂ ದಿನವೆಲ್ಲ ಕಾದು ಊರಿಗೆ ಹಿಂದಿರುಗಿದರು. ಮರುದಿನವೂ ದಾರಿ ಬಿಡಲಿಲ್ಲ. ಅದರ ಮರುದಿನ ಲಕ್ಕವ್ವ ಮನೆಯಲ್ಲೇ ತೀರಿಕೊಂಡಳು.

ಶಿವಾನಿಯಿಂದ ಸುದ್ದಿ ತಿಳಿದು ದಾನೇಶ್ವರಿ ತಂಗಡಗಿಗೆ ಹೋದಳು. ಕಟ್ಟೆಯ ಮೇಲೆ ಕೂತಿದ್ದ ಪರಪ್ಪ ಎದ್ದುಬಂದು ಕಂಬಳಿ ಹಾಸಿದ. "ಬರ್ರಿ ಅಕ್ಕಾರ. ನಮ್ಮವ್ವ ನಿಮ್ಮ ಹೆಸರ ಬಾಳ ತಗೀತಿದ್ಲು. ನೀವು ಅಷ್ಟು ಓಡ್ಯಾಡಿದ್ರಿ ಅಂತನ ಸಿಂದಗ್ಯಾಗ ಜಾಗಾ ಸಿಕ್ತು."

ಆ ಹೊಗಳಿಕೆಯನ್ನು ಇಟ್ಟುಕೊಳ್ಳಲು ಅವಳಿಂದ ಆಗಲಿಲ್ಲ. "ನೀರ ಸವಳ ಐತಿ ಅನ್ನೂದು ನನಗ ಗೊತ್ತಿತ್ತು ತಮ್ಮಾ. ಕೇಳಿದಾಗ ಹೇಳಲಿಲ್ಲ. ಅವತ್ತು ಹೇಳಿದ್ರ ನಿಮ್ಮವ್ವ ವಿಜಯಪುರದ ಜಾಗಾ ಬಿಡ್ತಿರಲಿಲ್ಲ."

ಪರಪ್ಪ ಕೂತಲ್ಲಿಂದ ಎದ್ದ. ಹೊಸ್ತಿಲವರೆಗೆ ಹೋಗಿ ತಿರುಗಿ ಬಂದ. "ಇದನ್ನ ನನಗ ಯಾಕ ಹೇಳಿದ್ರಿ?" ಎಂದ. "ನೀವು ಹೇಳಿ ಹಗುರಾದ್ರಿ. ನಾ ಇದನ್ನ ಎಲ್ಲಿ ಇಡ್ಲಿ? ಹೇಳೂದಿದ್ರ ಹೇಳೂ ಕಡೆ ಹೇಳ್ರಿ."

ಅವನು ಬೈಯಲಿಲ್ಲ. ಬಸ್ಸಿನವರೆಗೆ ಕಳಿಸಲೂ ಬರಲಿಲ್ಲ. ದಾನೇಶ್ವರಿ ಹೊಳೆಯ ಗಾಳಿಗೆ ಸೆರಗು ಬಿಗಿದುಕೊಂಡು ಒಬ್ಬಳೇ ನಡೆದು ಬಂದಳು.

ಆ ಹೊತ್ತಿಗೆ ವಿಚಾರಣೆಯೂ ಶುರುವಾಗಿತ್ತು. ಘಟಕ ಯಾಕೆ ನಿಂತಿತು ಎಂದು ಎಲ್ಲರಿಂದ ಲಿಖಿತ ವಿವರಣೆ ಕೇಳಿದ್ದರು. ಅವಳು ಬರೆದುಕೊಟ್ಟದ್ದನ್ನು ಓದಿ ಡಾಕ್ಟರು ಕನ್ನಡಕ ತೆಗೆದರು.

"ಇದನ್ನ ಕೊಡಬ್ಯಾಡ್ರಿ. ಎಲ್ಲಾ ನಿಮ್ಮ ಮ್ಯಾಲೆ ಬರ್ತೈತಿ. ರಿಪೋರ್ಟ್ ಬ್ಯಾಡ ಅಂದಾಂವ ನಾನು. ಆ ಎಂಜಿನಿಯರ್ ಮಾತು ಕೇಳದ ಸಭೆ ಮುಗಿಸಿದಾಂವ ನಾನು."

"ಅದು ನಿಮ್ಮ ಕಾಗದದಾಗ ನೀವು ಬರೀರಿ ಸರ್. ನಂದು ನಾ ಬರದೇನಿ."

ಡಾಕ್ಟರೂ ಬರೆದರು ಎಂದು ಆಮೇಲೆ ತಿಳಿಯಿತು. ಅವರಿಗೆ ಎಚ್ಚರಿಕೆಯ ಪತ್ರ ಬಂತು. ದಾನೇಶ್ವರಿಯ ಬಡ್ತಿ ತಡೆಹಿಡಿದು ಮುಳವಾಡದ ಕಡೆ ಒಂದು ಸಣ್ಣ ಆರೋಗ್ಯ ಕೇಂದ್ರಕ್ಕೆ ವರ್ಗ ಮಾಡಿದರು. ಅಲ್ಲಿ ಅವಳ ಕೆಲಸ ಜನನ ಮರಣ ನೋಂದಣಿ. ಖರೀದಿಯ ಕಡತ ಮುಟ್ಟುವಂತಿಲ್ಲ. ಊರಲ್ಲಿ ಕೆಲವರು ಪಾಪ ಎಂದರು, ಕೆಲವರು ಗಂಡನ ಸಲುವಾಗಿ ಮಂದಿಯನ್ನು ಕೊಂದಳು ಎಂದರು. ಎರಡನ್ನೂ ಅವಳು ಕೇಳಿಸಿಕೊಂಡಳು. ಮನೆಯ ಗೋಡೆಯ ಮೇಲಿನ ಬುದ್ಧನ ಪಟದ ಮುಂದೆ ಸಂಜೆ ಕೂರುವ ರೂಢಿ ಅವಳಿಗೆ ಮೊದಲಿನಿಂದ ಇತ್ತು. ಈಗ ಅಲ್ಲಿಯೂ ಮನಸ್ಸು ನಿಲ್ಲುತ್ತಿರಲಿಲ್ಲ.

ಡೋಣಿಹಾಳದಲ್ಲಿ ಎರಡನೆಯ ಟೆಂಡರು ಕರೆದರು. ಈ ಸಲ ಮೊದಲು ನೀರಿನ ಪರೀಕ್ಷೆ, ಮಳೆಗಾಲದಲ್ಲೊಮ್ಮೆ, ಮಳೆ ನಿಂತ ಮೇಲೊಮ್ಮೆ. ಗಡಸುತನ ತೆಗೆಯುವ ಟ್ಯಾಂಕನ್ನು ಸೇರಿಸಿದರು. ಸಿಹಿನೀರಿನ ಪೈಪನ್ನೂ ಆಸ್ಪತ್ರೆಯವರೆಗೆ ಎಳೆದರು. ಜಾಹಿದನ ಕಂಪನಿ ಆಗಲೂ ದುಬಾರಿಯಾಗಿ ಕೆಲಸ ಬೇರೆಯವರಿಗೆ ಹೋಯಿತು. ಸಂಕ್ರಾಂತಿ ಕಳೆದ ಮೇಲೆ ಘಟಕದ ಬೀಗ ತೆಗೆದರು. ನೀರು ಚೆನ್ನಾಗಿತ್ತು, ಯಂತ್ರಗಳು ಚೆನ್ನಾಗಿದ್ದವು. ರೋಗಿಗಳು ಮಾತ್ರ ಬರಲಿಲ್ಲ. ಎಲ್ಲೋ ಸಿಕ್ಕ ಜಾಗವನ್ನು ಬಿಟ್ಟು ಬರಲು ಯಾರಿಗೂ ಧೈರ್ಯವಿರಲಿಲ್ಲ. ಶಿವಾನಿ ಒಬ್ಬೊಬ್ಬರಿಗೂ ಫೋನು ಮಾಡಿ ಕರೆಯುತ್ತಿದ್ದಳು.

ಒಂದು ಶನಿವಾರ ದಾನೇಶ್ವರಿ ಗಂಡನ ಜೊತೆ ಮುದ್ದೇಬಿಹಾಳಕ್ಕೆ ಹೋಗಿದ್ದಳು. ಡಯಾಲಿಸಿಸ್ ಮುಗಿಸಿ ಇಬ್ಬರೂ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಿದ್ದರು. ಧರ್ಮರಾಜನ ಗುರುತಿನ ಡ್ರೈವರೊಬ್ಬ ದೂರದಿಂದ ಕೈ ಎತ್ತಿ ಹೋದ.

"ಶಿವಾನಿ ಫೋನ್ ಮಾಡಿದ್ಲು," ಎಂದ ಧರ್ಮರಾಜ. "ಡೋಣಿಹಾಳಕ್ಕನ ಬರ್ರಿ ಅಂತಾಳ. ಏನಂತಿ?"

"ನನ್ನ ಕೇಳಬ್ಯಾಡ್ರಿ."

"ನಿನ್ನ ಬಿಟ್ಟು ಮತ್ತ್ಯಾರ್ನ ಕೇಳ್ಲಿ?"

ಅವಳು ಅವನ ಕಡೆ ನೋಡಿದಳು. ಇಷ್ಟು ತಿಂಗಳಲ್ಲಿ ಅವನು ಅವಳನ್ನು ಏನನ್ನೂ ಕೇಳಿರಲಿಲ್ಲ. ಅವನು ಎದುರಿನ ಬಸ್ಸುಗಳನ್ನು ನೋಡುತ್ತಿದ್ದ. ಮುಖದಲ್ಲಿ ದಣಿವು ಬಿಟ್ಟರೆ ಬೇರೇನೂ ಕಾಣಲಿಲ್ಲ.

"ಈ ತಿಂಗಳದ ನೀರಿನ ರಿಪೋರ್ಟ್ ಹೋಗಿ ನೋಡಿ ಬರ್ತೇನಿ," ಎಂದಳು. "ಬ್ಯಾಸಗ್ಯಾಗ ಸವಳ ಹೆಚ್ಚಾಗ್ತೈತಿ, ಅದೊಂದು ಕಳೀಲಿ. ಅಲ್ಲೀತನಾ ಇಲ್ಲಿ ಜಾಗಾ ಬಿಡಬ್ಯಾಡ್ರಿ."

ಅವನು ತಲೆಯಾಡಿಸಿದ. ತಾಳಿಕೋಟೆಯ ಬಸ್ಸು ಬಂತು. ದಾನೇಶ್ವರಿ ಮುಂದೆ ನುಗ್ಗಿ ಕಿಟಕಿಯ ಪಕ್ಕದ ಸೀಟು ಹಿಡಿದು, ಅವನು ನಿಧಾನ ಮೆಟ್ಟಿಲು ಹತ್ತುವುದನ್ನು ಕಾಯುತ್ತ ನಿಂತಳು.